ಕಡಿಮೆ ಬೆಲೆಯ ಕೇಸರಿ: ಯಾವ ದರ್ಜೆ, ಯಾವ ಅಡುಗೆಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗಡಿಯಲ್ಲಿ ಒಂದು ಗ್ರಾಂನ ಎರಡು ಡಬ್ಬಿ ಇದ್ದವು. ಬೆಲೆಯಲ್ಲಿ ಅರ್ಧಕ್ಕರ್ಧ ವ್ಯತ್ಯಾಸ. ಕಡಿಮೆ ಬೆಲೆಯದು ನಕಲಿಯೇ?

ನಕಲಿಯೇ ಆಗಿರಬೇಕೆಂದಿಲ್ಲ. ಕೇಸರಿ ಅಗ್ಗವಾಗಲು ನ್ಯಾಯವಾದ ಕಾರಣಗಳೂ ಇವೆ, ಮೋಸದ ಕಾರಣಗಳೂ ಇವೆ. ಕೆಂಪು ಎಳೆಯ ಜೊತೆ ಅದರ ಬುಡದ ಹಳದಿ ಭಾಗ, ಅಂದರೆ ಬಾಲ, ಉಳಿದಿರಬಹುದು. ಎಳೆ ಮುರಿದು ಚೂರಾಗಿರಬಹುದು. ಹೋದ ವರ್ಷದ ಬೆಳೆಯಾಗಿರಬಹುದು. ಇವೆಲ್ಲ ನಿಜವಾದ ಕೇಸರಿಯೇ. ಅಂಗಡಿಯವರು ಅದನ್ನು ಹೇಳಿ, ಅದಕ್ಕೆ ತಕ್ಕ ಬೆಲೆ ಹಾಕಿದ್ದರೆ ತಕರಾರು ಏನೂ ಇಲ್ಲ. ಅದೇ ಬಾಲಕ್ಕೆ ಕೆಂಪು ಬಣ್ಣ ಹಚ್ಚಿ ಮೊದಲ ದರ್ಜೆ ಅಂತ ಮಾರಿದರೆ ಅದು ಮೋಸ.

ಎರಡನ್ನೂ ಒಂದೇ ಅಂದುಕೊಂಡು ಎಷ್ಟೋ ಮನೆಗಳಲ್ಲಿ ಕೇಸರಿಯ ಗೋಜಿಗೇ ಹೋಗುವುದಿಲ್ಲ. ಇಲ್ಲವೇ ಅತಿ ದುಬಾರಿ ಡಬ್ಬಿ ತಂದು, ಹಬ್ಬಕ್ಕೆ ನಾಲ್ಕು ಎಳೆ ಹಾಕಿ, ಉಳಿದದ್ದನ್ನು ವರ್ಷಗಟ್ಟಲೆ ಕಪಾಟಿನಲ್ಲೇ ಹಾಳು ಮಾಡುತ್ತಾರೆ. ಕೆಳಗಿನ ದರ್ಜೆಯನ್ನು ಸರಿಯಾಗಿ ಬಳಸಲು ಗೊತ್ತಿದ್ದರೆ ಈ ಎರಡೂ ಪಾಡು ಬೇಡ.

ಅಷ್ಟಕ್ಕೂ ಕೇಸರಿಗೆ ಇಷ್ಟು ಬೆಲೆ ಯಾಕೆ?

ಒಂದು ಹೂವಿನಲ್ಲಿ ಸಿಗುವುದು ಮೂರೇ ಎಳೆ. ಒಂದು ಕಿಲೋ ಒಣ ಕೇಸರಿಗೆ ಸುಮಾರು ಒಂದೂವರೆ ಲಕ್ಷ ಹೂವು ಬೇಕು. ಹೂವು ಬಿಡುವುದು ವರ್ಷಕ್ಕೊಮ್ಮೆ. ಕಾಶ್ಮೀರದಲ್ಲಾದರೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ವಾರಗಳವರೆಗೆ. ಬೆಳಿಗ್ಗೆ ಬೇಗ ಬಗ್ಗಿ ಹೂವು ಕೀಳಬೇಕು, ಮನೆಗೆ ತಂದು ಒಂದೊಂದೇ ಹೂವಿನಿಂದ ಎಳೆ ಬಿಡಿಸಬೇಕು, ಒಣಗಿಸಬೇಕು. ಒಣಗಿದಾಗ ಐದು ಕಿಲೋ ಹಸಿ ಎಳೆ ಒಂದು ಕಿಲೋಗೆ ಇಳಿಯುತ್ತದೆ.

ಈ ಲೆಕ್ಕದಲ್ಲಿ ನಿಮ್ಮ ಒಂದು ಗ್ರಾಂ ಡಬ್ಬಿಯಲ್ಲಿ ಸುಮಾರು 150 ಹೂವು, 450 ಎಳೆ ಇವೆ. ಕೆಂಪು ಭಾಗವನ್ನಷ್ಟೇ ಕತ್ತರಿಸಿ ಬಾಲ ಬಿಸಾಡಿದರೆ ಕೆಲಸ ಜಾಸ್ತಿ, ತೂಕ ಕಡಿಮೆ. ದರ್ಜೆಗಳ ಬೆಲೆ ಬೇರೆಯಾಗಲು ದೊಡ್ಡ ಕಾರಣ ಇದೇ.

ಮೊಂಗ್ರಾ, ಲಚ್ಛಾ, ನೆಗಿನ್, ಸರ್ಗೋಲ್, ಪುಶಾಲ್... ಇವೆಲ್ಲ ಏನು?

ಮೊದಲು ಎಳೆಯನ್ನು ನೋಡಿ. ತುದಿ ಕಡುಗೆಂಪು, ತುತ್ತೂರಿಯ ಬಾಯಿಯಂತೆ ಸ್ವಲ್ಪ ಅಗಲ. ಕೆಳಗೆ ಬಂದ ಹಾಗೆ ಸಪೂರವಾಗಿ ಕಿತ್ತಳೆಗೆ, ಆಮೇಲೆ ಹಳದಿಗೆ ತಿರುಗುತ್ತದೆ. ಬುಡದಲ್ಲಿ ಮೂರೂ ಎಳೆ ಒಂದೇ ಹಳದಿ ಕಡ್ಡಿಗೆ ಕೂಡಿಕೊಂಡಿರುತ್ತವೆ. ಬಣ್ಣ, ಕಹಿ, ಪರಿಮಳ ಇರುವುದು ಹೆಚ್ಚಾಗಿ ಕೆಂಪು ಭಾಗದಲ್ಲಿ. ಹಳದಿ ಬಾಲದಲ್ಲಿ ಬಣ್ಣ ಇಲ್ಲವೆನ್ನುವಷ್ಟು ಕಡಿಮೆ. ಎಲ್ಲಿ ಕತ್ತರಿಸಿದರು ಅನ್ನುವುದರ ಮೇಲೆ ದರ್ಜೆ ನಿಲ್ಲುತ್ತದೆ.

ಕಾಶ್ಮೀರದಲ್ಲಿ ಕೆಂಪು ಭಾಗ ಮಾತ್ರ ಇದ್ದರೆ ಮೊಂಗ್ರಾ. ಬಾಲದ ಸಮೇತ ಇದ್ದರೆ ಲಚ್ಛಾ. ಹಳೆಯ ಕಾಲದಲ್ಲಿ ಅಲ್ಲಿ ಹೂವನ್ನು ಒಣಗಿಸಿ, ಕೋಲಿನಿಂದ ಮೆಲ್ಲಗೆ ಬಡಿದು, ನೀರಿಗೆ ಹಾಕುತ್ತಿದ್ದರು. ಹೂದಳ ತೇಲುತ್ತಿತ್ತು, ಬೆಲೆಬಾಳುವ ಭಾಗ ಮುಳುಗುತ್ತಿತ್ತು. ತೇಲಿದ್ದನ್ನು ಮತ್ತೆ ಒಣಗಿಸಿ ಬಡಿದು ಇನ್ನಷ್ಟು ತೆಗೆಯುತ್ತಿದ್ದರು. ಪ್ರತಿ ಸಲ ಸಿಕ್ಕಿದ್ದು ಹಿಂದಿನದಕ್ಕಿಂತ ಕೆಳಗಿನ ದರ್ಜೆ. ಅಂದರೆ ಕೇಸರಿಯಲ್ಲಿ ಎರಡನೇ, ಮೂರನೇ ದರ್ಜೆ ಇರುವುದು ಹೊಸ ವಿಷಯವೇನಲ್ಲ.

ಜಗತ್ತಿನ ಕೇಸರಿಯಲ್ಲಿ ಸಿಂಹಪಾಲು ಬೆಳೆಯುವುದು ಇರಾನ್, ಅದರಲ್ಲೂ ಖೊರಾಸಾನ್ ಕಡೆ. ದುಬೈನ ದೇರಾ ಮಾರುಕಟ್ಟೆಯಿಂದ ನಮ್ಮವರು ತರುವ ಡಬ್ಬಿಗಳ ಮೇಲೆ ಇರುವ ಹೆಸರುಗಳು ಹೆಚ್ಚಾಗಿ ಇರಾನಿನವು. ನೆಗಿನ್ ಅಂದರೆ ದಪ್ಪ, ಉದ್ದ, ಮುರಿಯದ ಕೆಂಪು ಎಳೆ. ಸರ್ಗೋಲ್ ಕೂಡ ಪೂರ್ತಿ ಕೆಂಪೇ, ಆದರೆ ಚಿಕ್ಕದು, ಚೂರು ಜಾಸ್ತಿ. ಪುಶಾಲ್‌ನಲ್ಲಿ ಕೆಂಪಿನ ಜೊತೆ ಒಂದರಿಂದ ಮೂರು ಮಿಲಿಮೀಟರ್ ಹಳದಿ ಉಳಿದಿರುತ್ತದೆ. ದಸ್ತೆ ಅಂದರೆ ಕಂತೆ. ಬಾಲ ಸಮೇತದ ಪೂರ್ತಿ ಎಳೆಗಳನ್ನು ದಾರದಿಂದ ಕಟ್ಟಿದ್ದು. ಕೊನೆಯದು ಕೊಂಜ್: ಕತ್ತರಿಸಿ ಉಳಿದ ಬಾಲ ಮಾತ್ರ.

ಸ್ಪೇನಿನವರು ಕೂಪೆ, ಮಾಂಚ, ರಿಯೊ, ಸ್ಟಾಂಡರ್ಡ್, ಸಿಯೆರಾ ಅನ್ನುತ್ತಾರೆ. ಕೂಪೆ ಎಲ್ಲಕ್ಕಿಂತ ಮೇಲು, ಸಿಯೆರಾ ಕೆಳಗೆ.

ಇವುಗಳಲ್ಲಿ ಕೊಟ್ಟ ದುಡ್ಡಿಗೆ ಮೋಸವಿಲ್ಲದ್ದು ಯಾವುದು?

ನನ್ನ ಮಟ್ಟಿಗೆ ಸರ್ಗೋಲ್, ಅಥವಾ ಮೊಂಗ್ರಾದ ಚೂರು. ನೆಗಿನ್‌ಗೆ ನಾವು ಕೊಡುವ ಹೆಚ್ಚಿನ ದುಡ್ಡಿನಲ್ಲಿ ಒಂದು ಪಾಲು ಅಂದಕ್ಕೆ ಹೋಗುತ್ತದೆ. ಉದ್ದ ಎಳೆ ನೋಡಲು ಚಂದ. ಪಾಯಸದಲ್ಲಿ ನೆನೆದು ಬಣ್ಣ ಬಿಟ್ಟ ಮೇಲೆ ಅದು ಉದ್ದವಿತ್ತೋ ಗಿಡ್ಡವಿತ್ತೋ ನಾಲಿಗೆಗೆ ಗೊತ್ತಾಗುವುದಿಲ್ಲ. ಒಂದೇ ವರ್ಷದ, ಚೆನ್ನಾಗಿ ಒಣಗಿಸಿದ ಸರ್ಗೋಲ್ ಬಣ್ಣದಲ್ಲಿ ನೆಗಿನ್‌ಗೆ ಸಮನಾಗಿ ನಿಲ್ಲಬಲ್ಲದು.

ಕಂತೆಗೂ ಒಂದು ಗುಣ ಇದೆ. ಮೂರು ಕೆಂಪು ಎಳೆ ಒಂದು ಹಳದಿ ಬುಡಕ್ಕೆ ಸೇರಿರುವುದು ಕಣ್ಣಿಗೇ ಕಾಣುತ್ತದೆ. ಹಾಗೆ ನಕಲಿ ಮಾಡುವುದು ಕಷ್ಟ. ನಂಬಿಕೆಯ ಅಂಗಡಿ ಇಲ್ಲದ ಊರಲ್ಲಿ, ಕೈ ಬಿಗಿ ಇದ್ದಾಗ, ಹೊಳೆಯುವ ಡಬ್ಬಿಯ ಅನುಮಾನದ ಕೆಂಪು ಎಳೆಗಿಂತ ಬಾಲವಿರುವ ಲಚ್ಛಾ ಅಥವಾ ಕಂತೆ ತೆಗೆದುಕೊಳ್ಳುವುದೇ ವಾಸಿ.

ಡಬ್ಬಿಯ ಮೇಲೆ ಐಎಸ್‌ಒ 3632 ಅಂತಿದೆ. ಅದನ್ನು ಹೇಗೆ ಓದಬೇಕು?

ಅದು ಕೇಸರಿಯ ಅಂತರರಾಷ್ಟ್ರೀಯ ಅಳತೆ. ಕೇಸರಿಯನ್ನು ನೀರಲ್ಲಿ ನೆನೆಸಿ, ಆ ನೀರು ಬೆಳಕನ್ನು ಎಷ್ಟು ಹೀರುತ್ತದೆ ಅಂತ ಲ್ಯಾಬಿನಲ್ಲಿ ಅಳೆಯುತ್ತಾರೆ. 440 ನ್ಯಾನೊಮೀಟರ್‌ನಲ್ಲಿ ಸಿಗುವ ಅಂಕಿ ಬಣ್ಣದ ಬಲ. ಮೊದಲ ವರ್ಗಕ್ಕೆ ಅದು ಕನಿಷ್ಠ 200, ಎರಡನೆಯದಕ್ಕೆ 170, ಮೂರನೆಯದಕ್ಕೆ 120 ಇರಬೇಕು. ಕಹಿಯನ್ನೂ ಪರಿಮಳವನ್ನೂ ಬೇರೆ ಅಂಕಿಗಳಲ್ಲಿ ಅಳೆಯುತ್ತಾರೆ. ಎಳೆಯಲ್ಲಿ ತೇವ ಶೇಕಡಾ 12 ದಾಟಬಾರದು, ಪುಡಿಯಲ್ಲಿ ಶೇಕಡಾ 10.

ಎರಡು ವಿಷಯ ನೆನಪಿಡಿ. ನೆಗಿನ್, ಸರ್ಗೋಲ್ ಅನ್ನುವುದು ಕತ್ತರಿಸಿದ ರೀತಿ. ವರ್ಗ ಅನ್ನುವುದು ಲ್ಯಾಬಿನ ಅಳತೆ. ಹಳತಾದ ನೆಗಿನ್ ಎರಡನೇ ವರ್ಗಕ್ಕೆ ಇಳಿಯಬಹುದು. ಇನ್ನೊಂದು, ಸುಮ್ನೆ 'ಐಎಸ್‌ಒ' ಅಂತ ಅಚ್ಚು ಹಾಕಿದ್ದರೆ ಸಾಲದು. ಆ ಬ್ಯಾಚಿನ ಬಣ್ಣದ ಅಂಕಿ ಎಷ್ಟು ಅಂತ ಕೇಳಿ. ಒಳ್ಳೆಯ ಮಾರಾಟಗಾರರು ವರದಿ ತೋರಿಸುತ್ತಾರೆ.

ಅಂಕಿ ಸಿಕ್ಕರೆ ಲೆಕ್ಕ ಸುಲಭ. ಉದಾಹರಣೆಗೆ, 220 ಬಲದ ಕೇಸರಿ ಗ್ರಾಂಗೆ 300 ರೂಪಾಯಿ ಅಂದುಕೊಳ್ಳಿ. ಪಕ್ಕದಲ್ಲಿ 130 ಬಲದ್ದು ಇದೆ. ಅದು 177 ರೂಪಾಯಿಗಿಂತ ಕಡಿಮೆಗೆ ಸಿಕ್ಕರೆ ಮಾತ್ರ ನಿಮಗೆ ಲಾಭ. 220 ರೂಪಾಯಿ ಹೇಳಿದರೆ ಬಿಟ್ಟುಬಿಡಿ. ಗ್ರಾಂಗೆ ಅಗ್ಗ ಅನಿಸಿದರೂ ಬಣ್ಣದ ಲೆಕ್ಕದಲ್ಲಿ ಅದೇ ದುಬಾರಿ.

ಮನೆಯಲ್ಲೇ ಅಸಲಿ-ನಕಲಿ ನೋಡುವುದು ಹೇಗೆ?

ಬಿಳಿ ಬಟ್ಟಲಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಳ್ಳಿ. ನಾಲ್ಕೈದು ಎಳೆ ಹಾಕಿ. ಕಲಕಬೇಡಿ. ಅವಸರ ಪಡದೆ ಹತ್ತು-ಹದಿನೈದು ನಿಮಿಷ ನೋಡಿ.

ಅಸಲಿ ಎಳೆಯಿಂದ ಬಣ್ಣ ನಿಧಾನವಾಗಿ ಬಿಡುತ್ತದೆ. ಮೊದಲು ಎಳೆಯ ಸುತ್ತ ಒಂದು ಹೊನ್ನಿನ ಗೆರೆ, ಆಮೇಲೆ ಬಟ್ಟಲು ತುಂಬ ಹಳದಿ. ನೀರು ಹಳದಿಯಾದರೂ ಎಳೆ ಕೆಂಪಾಗಿಯೇ ಉಳಿದಿರುತ್ತದೆ. ನೆನೆದ ಎಳೆ ಉಬ್ಬಿ, ತುದಿಯ ತುತ್ತೂರಿ ಬಾಯಿ ತೆರೆದುಕೊಳ್ಳುತ್ತದೆ. ಅದರ ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲುಗಳಂತೆ ಕಾಣುತ್ತವೆ. ಭೂತಗನ್ನಡಿ ಇದ್ದರೆ ಚೆನ್ನಾಗಿ ನೋಡಬಹುದು. ಈ ಆಕಾರ ಬೇರೆ ಯಾವುದಕ್ಕೂ ಬರುವುದಿಲ್ಲ.

ಹಾಕಿದ ಕೂಡಲೇ ನೀರು ಕೆಂಪೋ ಕಡು ಕಿತ್ತಳೆಯೋ ಆಗಿ, ಎಳೆ ಬೆಳ್ಳಗಾದರೆ ಅದಕ್ಕೆ ಬಣ್ಣ ಹಚ್ಚಿದ್ದಾರೆ. ಉದ್ದಕ್ಕೂ ಒಂದೇ ದಪ್ಪ ಇದ್ದರೆ ಮೆಕ್ಕೆಜೋಳದ ತೆನೆಯ ಕೂದಲೋ, ನಾರೋ ಇರಬಹುದು. ನೆನೆದ ಮೇಲೆ ಸಪೂರ ಕೊಳವೆಯ ತುದಿ ಐದು ಸೀಳಾಗಿ ಕಂಡರೆ ಅದು ಕುಸುಬೆ ಹೂವು.

ಒಂದು ಎಳೆ ನಾಲಿಗೆಯ ಮೇಲೆ ಇಡಿ. ಕೇಸರಿ ಕಹಿ. ಸಿಹಿ ಅನಿಸಿದರೆ ತೂಕಕ್ಕೆ ಜೇನೋ ಸಕ್ಕರೆ ಪಾಕವೋ ಸವರಿರಬಹುದು. ಬಿಳಿ ಕಾಗದದ ನಡುವೆ ಇಟ್ಟು ಒತ್ತಿ. ಜಿಡ್ಡಿನ ಕಲೆ ಬಿದ್ದರೆ ಎಣ್ಣೆ ಸವರಿದ್ದಾರೆ. ಒಣ ಕೇಸರಿ ಬೆರಳಲ್ಲಿ ಪುಡಿಯಾಗಬೇಕು, ಮೆತ್ತಗೆ ಬಾಗಬಾರದು.

ಅಸಲಿಗೆ ಸ್ವಲ್ಪ ನಕಲಿ ಬೆರೆಸಿದ್ದರೆ, ಅಥವಾ ಜಾಣತನದಿಂದ ಬಣ್ಣ ಹಾಕಿದ್ದರೆ, ಮನೆಯ ಪರೀಕ್ಷೆಗೆ ಸಿಗದೇ ಹೋಗಬಹುದು. ಆಗ ಲ್ಯಾಬ್ ಒಂದೇ ದಾರಿ.

ಕುಸುಬೆ ಹೂವು ತಿಂದರೆ ತೊಂದರೆಯೇ?

ಕುಸುಬೆ ನಮಗೆ ಹೊಸದಲ್ಲ. ವಿಜಯಪುರ, ಕಲಬುರಗಿ, ಬಾಗಲಕೋಟೆ ಕಡೆ ಹಿಂಗಾರಿನಲ್ಲಿ ಬೆಳೆಯುತ್ತಾರೆ, ಕುಸುಬಿ ಎಣ್ಣೆ ಆ ಸೀಮೆಯ ಅಡುಗೆಯ ಎಣ್ಣೆ. ಹೂವಿನಿಂದ ಬಣ್ಣವೂ ಬರುತ್ತದೆ. ಆದರೆ ಕೇಸರಿಯ ಪರಿಮಳ, ಕಹಿ ಎರಡೂ ಅದಕ್ಕಿಲ್ಲ. ಅಡುಗೆಗೆ ಸ್ವಲ್ಪ ಹಾಕಿದರೆ ಹೆದರುವ ಮಾತಿಲ್ಲ. ಬಸುರಿಯರು ಮಾತ್ರ ಈ ಹೂವನ್ನು ಬಿಡುವುದು ಒಳ್ಳೆಯದು. ಕೇಸರಿಯ ಬೆಲೆಗೆ ಕುಸುಬೆ ಮಾರಿದರೆ ಅದು ತಪ್ಪೇ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಅಲ್ಲಿನ ಮೆಕ್ಸಿಕನ್ ಅಂಗಡಿಗಳಲ್ಲಿ 'ಅಸಾಫ್ರಾನ್' ಅಂತ ಅಗ್ಗಕ್ಕೆ ಸಿಗುವ ದೊಡ್ಡ ಪೊಟ್ಟಣ ಹೆಚ್ಚಾಗಿ ಕುಸುಬೆಯೇ. ಪೊಟ್ಟಣದ ಹಿಂಬದಿಯಲ್ಲಿ ಬರೆದ ಪದಾರ್ಥದ ಹೆಸರು ಓದಿ.

ಕಿರಾಣಿ ಅಂಗಡಿಯ 'ಕೇಸರಿ ಪೌಡರ್' ಕೂಡ ಕಡಿಮೆ ದರ್ಜೆಯ ಕೇಸರಿಯೇ?

ಅಲ್ಲ. ಹತ್ತಿಪ್ಪತ್ತು ರೂಪಾಯಿಗೆ ಸಿಗುವ ಆ ಪುಡಿ ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೊ ತರಹದ ಕೃತಕ ಬಣ್ಣ. ಅದರಲ್ಲಿ ಕೇಸರಿ ಒಂದು ಎಳೆಯೂ ಇಲ್ಲ. ಕಾನೂನು ಒಪ್ಪಿದ ಬಣ್ಣಗಳನ್ನೂ ಕೆಲವು ತಿನಿಸುಗಳಿಗೆ ಮಾತ್ರ, ಕಿಲೋಗೆ 100 ಮಿಲಿಗ್ರಾಂ ಮೀರದಂತೆ ಹಾಕಬೇಕು. ಮನೆಯಲ್ಲಿ ಚಮಚದ ತುದಿಯಲ್ಲಿ ಅಂದಾಜಿಗೆ ಹಾಕುವಾಗ ಈ ಮಿತಿ ದಾಟುವುದು ಬಹಳ ಸುಲಭ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ನೆನಪಿರಬಹುದು.

ಕೇಸರಿಬಾತಿಗೆ ಬಣ್ಣ ಬೇಕು, ಆದರೆ ದುಬಾರಿ ಎಳೆ ಹಾಕಲು ಮನಸ್ಸಿಲ್ಲ ಅನ್ನುವವರಿಗೆ ನಿಜವಾಗಿ ಬೇಕಾದದ್ದು ಪುಶಾಲ್, ಲಚ್ಛಾ ದರ್ಜೆ.

ಹಾಗಾದರೆ ಯಾವ ಅಡುಗೆಗೆ ಯಾವುದು?

ಎಳೆ ಕಣ್ಣಿಗೆ ಕಾಣಬೇಕೇ, ಬೇಡವೇ? ಇದೊಂದು ಪ್ರಶ್ನೆ ಕೇಳಿಕೊಂಡರೆ ಸಾಕು.

ಶ್ರೀಖಂಡದ ಮೇಲೆ ಉದುರಿಸಲು, ಬಾಸುಂದಿಗೆ, ಅತಿಥಿಗಳಿಗೆ ಕೊಡುವ ಬಾದಾಮಿ ಹಾಲಿಗೆ ಕೆಂಪು ಎಳೆಯೇ ಚಂದ. ಅಲ್ಲಿ ಬೇರೆ ಮಸಾಲೆಯ ಗಲಾಟೆ ಇರುವುದಿಲ್ಲ, ಕೇಸರಿಯ ಪರಿಮಳ ಒಂಟಿಯಾಗಿ ನಿಲ್ಲಬೇಕು. ಬಿರಿಯಾನಿಯ ಪದರಕ್ಕೆ, ಪೇಡಕ್ಕೆ, ಜಾಮೂನಿನ ಪಾಕಕ್ಕೆ, ಐಸ್‌ಕ್ರೀಮಿಗೆ, ಕೇಸರಿಬಾತಿಗೆ ಸರ್ಗೋಲ್ ಚೂರು ಅಥವಾ ಪುಶಾಲ್ ಧಾರಾಳ ಸಾಕು. ಲಚ್ಛಾ ಹಾಕುವಾಗ ಮೊಂಗ್ರಾಗಿಂತ ಒಂದೂವರೆ ಪಟ್ಟು ಹಾಕಿ. ನನ್ನ ಅಡುಗೆಮನೆಯಲ್ಲಿ ಎರಡು ಡಬ್ಬಿ ಇವೆ: ಮೇಲೆ ಉದುರಿಸಲು ಒಂದು ಚಿಕ್ಕದು, ಅರೆಯಲು ಒಂದು ದೊಡ್ಡದು.

ನಾಲ್ಕು ಜನರ ಪಾಯಸಕ್ಕೆ ಹದಿನೈದಿಪ್ಪತ್ತು ಎಳೆ ಹಿಡಿಸುತ್ತದೆ. ಹಾಗೆ ನೋಡಿದರೆ ಒಂದು ಗ್ರಾಂ ಇಪ್ಪತ್ತಕ್ಕೂ ಹೆಚ್ಚು ಸಲ ಬರುತ್ತದೆ.

ಕೇಸರಿಬಾತಿಗೆ ಒಳ್ಳೆಯ ಕೇಸರಿಯನ್ನೇ ಹಾಕಿದೆ. ಬಣ್ಣವೇ ಬರಲಿಲ್ಲ. ಯಾಕೆ?

ತುಪ್ಪಕ್ಕೆ ಹಾಕಿದಿರಾ? ಬಹಳ ಮನೆಗಳಲ್ಲಿ ರವೆ ಹುರಿಯುವಾಗಲೇ ಕೇಸರಿಯನ್ನೂ ತುಪ್ಪಕ್ಕೆ ಬಿಡುತ್ತಾರೆ. ಕೇಸರಿಯ ಬಣ್ಣ ಕೊಡುವ ಕ್ರೋಸಿನ್ ನೀರಿನಲ್ಲಿ ಕರಗುತ್ತದೆ, ತುಪ್ಪದಲ್ಲಿ ಕರಗುವುದಿಲ್ಲ. ಬಿಸಿ ತುಪ್ಪದಲ್ಲಿ ಎಳೆ ಸೀದು ಪರಿಮಳವೂ ಹಾರಿಹೋಗುತ್ತದೆ. ಎಷ್ಟು ದುಡ್ಡು ಕೊಟ್ಟು ತಂದರೂ ಅಲ್ಲಿ ಕೆಲಸ ಮಾಡುವುದಿಲ್ಲ.

ಹೀಗೆ ಮಾಡಿ. ಎಳೆಗಳನ್ನು ಒಂದು ಚಮಚ ಸಕ್ಕರೆ ಜೊತೆ ಚಿಕ್ಕ ಕಲ್ಲಿನಲ್ಲಿ ನುಣ್ಣಗೆ ಅರೆಯಿರಿ. ಸಕ್ಕರೆಯ ಹರಳು ಉಜ್ಜಿ ಎಳೆ ಪೂರ್ತಿ ಪುಡಿಯಾಗುತ್ತದೆ. ಮೂರು ಚಮಚ ಬಿಸಿನೀರು ಹಾಕಿ ಮುಚ್ಚಿಡಿ. ನೀರು ಕುದಿಯುತ್ತಿರಬಾರದು. ಇಪ್ಪತ್ತು ನಿಮಿಷ ಬಿಟ್ಟು ನೋಡಿದರೆ ಗಾಢ ಕಿತ್ತಳೆ ಬಣ್ಣದ ನೀರು ಸಿದ್ಧ. ಬಾತು ಒಲೆಯಿಂದ ಇಳಿಸುವ ಹೊತ್ತಿಗೆ ಹಾಕಿ ಕಲಸಿ. ಕೆಳಗಿನ ದರ್ಜೆಗೆ ಈ ವಿಧಾನ ಇನ್ನೂ ಮುಖ್ಯ. ಬಾಲದ ಗಟ್ಟಿ ನಾರೂ ಅರೆದು ಹೋಗುತ್ತದೆ, ಇರುವಷ್ಟು ಬಣ್ಣ ಪೂರ್ತಿ ಹೊರಗೆ ಬರುತ್ತದೆ. ಬಟ್ಟಲಿಗೆ ಅಂಟಿದ್ದನ್ನು ಒಂದು ಚಮಚ ಹಾಲು ಹಾಕಿ ತೊಳೆದು ಅದನ್ನೂ ಸೇರಿಸಿ.

ಕೃತಕ ಬಣ್ಣದಷ್ಟು ಕಣ್ಣು ಕುಕ್ಕುವ ಕಿತ್ತಳೆ ಬರುವುದಿಲ್ಲ. ಬರಬಾರದು ಕೂಡ. ಕೇಸರಿಯ ಬಣ್ಣ ಹೊನ್ನಿನ ಹಳದಿ.

ಬಾಲ ಮಾತ್ರ, ಅಂದರೆ ಕೊಂಜ್, ಕೊಳ್ಳಬಹುದೇ?

ಬಣ್ಣಕ್ಕೆ ಬೇಡ. ಚಹಾ, ಕಷಾಯದಲ್ಲಿ ಕುದಿಸಿದರೆ ತೆಳುವಾದ ಪರಿಮಳ ಕೊಡುತ್ತದೆ. ಬಹಳ ಅಗ್ಗಕ್ಕೆ ಸಿಕ್ಕರೆ ಸರಿ.

ಕೇಸರಿ ಪುಡಿಯೇ ಸಿಗುತ್ತದಲ್ಲ, ಅರೆಯುವ ಕೆಲಸ ಯಾಕೆ?

ಪುಡಿ ಕೊಳ್ಳಬೇಡಿ ಅನ್ನುವುದು ನನ್ನ ಸಲಹೆ. ಎಳೆಯ ಆಕಾರ ನೋಡಿ ಹಿಡಿಯಬಹುದಾದ ಮೋಸವೆಲ್ಲ ಪುಡಿಯಲ್ಲಿ ಮುಚ್ಚಿಹೋಗುತ್ತದೆ. ಅರಿಸಿನ, ಕುಸುಬೆ, ಬಣ್ಣ ಏನು ಬೆರೆಸಿದರೂ ಕಾಣುವುದಿಲ್ಲ. ಬ್ಯಾಚಿನ ಲ್ಯಾಬ್ ವರದಿ ಕೊಡುವ ಕಡೆಯಿಂದ, ಹೋಟೆಲ್ ಅಥವಾ ಸಿಹಿ ಅಂಗಡಿಯ ಕೆಲಸಕ್ಕೆ ಹೆಚ್ಚು ತರುವವರಿಗೆ ಮಾತ್ರ ಅದು ಸರಿ.

'ಕಾಶ್ಮೀರಿ ಕೇಸರಿ' ಅಂತ ಬರೆದದ್ದೆಲ್ಲ ಕಾಶ್ಮೀರದ್ದೇ?

ಅಲ್ಲ. ದೇಶಕ್ಕೆ ಬೇಕಾದಷ್ಟು ಕೇಸರಿ ಕಾಶ್ಮೀರದಲ್ಲಿ ಬೆಳೆಯುವುದೇ ಇಲ್ಲ. ಇರಾನ್, ಅಫ್ಘಾನಿಸ್ತಾನದಿಂದ ಬಂದದ್ದಕ್ಕೆ ಕಾಶ್ಮೀರದ ಹೆಸರು ಹಾಕಿ ಮಾರುವುದು ಹಳೆಯ ಚಾಳಿ. ಇದರಿಂದ ಕಾಶ್ಮೀರದ ಕೇಸರಿ ಸೀಮೆಯಾದ ಪಾಂಪೋರ್‌ನ ಬೆಳೆಗಾರರಿಗೆ ಆಗುವ ಅನ್ಯಾಯ ಸಣ್ಣದಲ್ಲ. 2020ರಲ್ಲಿ ಕಾಶ್ಮೀರದ ಕೇಸರಿಗೆ ಜಿಐ ಮಾನ್ಯತೆ, ಅಂದರೆ ಆ ಊರಿನದೇ ಮಾಲು ಅನ್ನುವ ಕಾನೂನಿನ ಗುರುತು, ಸಿಕ್ಕಿತು. ಪಾಂಪೋರ್ ಬಳಿಯ ದುಸ್ಸುವಿನಲ್ಲಿರುವ ಕೇಂದ್ರದಲ್ಲಿ ಕೇಸರಿಯನ್ನು ಪರೀಕ್ಷಿಸಿ, ದರ್ಜೆ ವಿಂಗಡಿಸಿ, ಆ ಗುರುತಿನೊಂದಿಗೆ ಪ್ಯಾಕ್ ಮಾಡುತ್ತಾರೆ. ಕಾಶ್ಮೀರದ್ದೇ ಬೇಕಾದರೆ ಆ ಗುರುತು ನೋಡಿ. ತೊಲದ ಲೆಕ್ಕದಲ್ಲಿ ಹೇಳಿದರೆ ಎಷ್ಟು ಗ್ರಾಂ ಅಂತ ಕೇಳಿಕೊಳ್ಳಿ. ಹಳೆಯ ತೊಲ 11.66 ಗ್ರಾಂ, ಈಗ ಹತ್ತು ಗ್ರಾಂಗೂ ತೊಲ ಅನ್ನುತ್ತಾರೆ.

ಇರಾನಿನದು ಇರಾನಿನದೇ ಅಂತ ಹೇಳಿ ಮಾರಿದರೆ ಅದರಲ್ಲೂ ಒಳ್ಳೆಯ ಮಾಲು ಬೇಕಾದಷ್ಟಿದೆ.

ಪೂಜೆಗೆ, ಗಂಧಕ್ಕೆ ಯಾವುದು ಬಳಸಬಹುದು?

ಗಂಧ ತೇಯುವಾಗ ಹಾಕಲು ಲಚ್ಛಾ ಸಾಕು, ಹೇಗೂ ಕಲ್ಲಿನ ಮೇಲೆ ಅರೆದುಹೋಗುತ್ತದೆ. ಜೈನರ ಪೂಜೆಯಲ್ಲಿ ಕೇಸರಿಗೆ ದೊಡ್ಡ ಸ್ಥಾನವಿದೆ. ಶ್ರವಣಬೆಳಗೊಳದಲ್ಲಿ ಬಾಹುಬಲಿಯ ಮಹಾಮಸ್ತಕಾಭಿಷೇಕ 2018ರಲ್ಲಿ ನಡೆಯಿತಲ್ಲ, ಹಾಲು, ಕಬ್ಬಿನ ರಸ, ಅರಿಸಿನ, ಚಂದನದ ಜೊತೆ ಕೇಸರಿಯೂ ಅಭಿಷೇಕದ ದ್ರವ್ಯಗಳಲ್ಲಿ ಒಂದು. ಹಣೆಗೆ, ಮೈಗೆ ಹಚ್ಚಿಕೊಳ್ಳುವ ಗಂಧಕ್ಕೆ ಬಣ್ಣ ಹಚ್ಚಿದ ನಕಲಿ ಮಾತ್ರ ಬೇಡ, ಚರ್ಮಕ್ಕೆ ಉರಿ ಬರಬಹುದು.

ಬಸುರಿಯರಿಗೆ ಕೇಸರಿ ಹಾಲು ಕೊಡುತ್ತಾರೆ. ಅಗ್ಗದ್ದು ಕೊಡಬಹುದೇ? ಮಗು ಬೆಳ್ಳಗಾಗುವುದು ನಿಜವೇ?

ಮಗುವಿನ ಮೈಬಣ್ಣ ಅಪ್ಪ ಅಮ್ಮನಿಂದ ಬರುತ್ತದೆ. ಕೇಸರಿಗೂ ಅದಕ್ಕೂ ಸಂಬಂಧವಿಲ್ಲ. ಈ ನಂಬಿಕೆಯ ಹೆಸರಲ್ಲಿ ಹೆಣ್ಣುಮಕ್ಕಳ ಮೇಲೆ ಒತ್ತಡ ಹಾಕುವುದು ನಿಲ್ಲಬೇಕು.

ಹಾಲಿಗೆ ಎರಡು ಮೂರು ಎಳೆ ಹಾಕಿ ರುಚಿಗೆ ಕುಡಿದರೆ ತೊಂದರೆ ಇಲ್ಲ, ಆದರೂ ಡಾಕ್ಟರನ್ನು ಒಂದು ಮಾತು ಕೇಳಿ. ಗ್ರಾಂಗಟ್ಟಲೆ ತಿನ್ನುವುದು ಅಪಾಯ, ಗರ್ಭಕ್ಕೂ ಕೆಡುಕು. ದೊಡ್ಡವರಿಗೂ ಐದು ಗ್ರಾಂ ಅನ್ನುವುದು ವಿಷದ ಪ್ರಮಾಣ. ದರ್ಜೆ ಕೆಳಗಿದ್ದರೆ ಪರವಾಗಿಲ್ಲ, ಅಸಲಿ ಅನ್ನುವುದು ಖಾತ್ರಿ ಇರಬೇಕು. ಅನುಮಾನ ಬಂದರೆ ಕೇಸರಿ ಇಲ್ಲದ ಹಾಲೇ ಒಳ್ಳೆಯದು.

ಎಷ್ಟು ದಿನ ಇಡಬಹುದು?

ಬೆಳಕು, ತೇವ, ಬಿಸಿ ಮೂರೂ ಕೇಸರಿಗೆ ಆಗದು. ಪಾರದರ್ಶಕ ಡಬ್ಬಿಯನ್ನು ಕಿಟಕಿ ಪಕ್ಕ ಇಟ್ಟರೆ ಬಣ್ಣ ಬೇಗ ಇಳಿಯುತ್ತದೆ. ಗಾಳಿಯಾಡದ ಡಬ್ಬಿ, ಕತ್ತಲೆಯ ಕಪಾಟು, ಒಲೆಯಿಂದ ದೂರ. ಎರಡು ವರ್ಷದೊಳಗೆ ಮುಗಿಸಿ. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಒದ್ದೆ ಕೈಯಲ್ಲಿ ತೆಗೆಯಲೇಬೇಡಿ. ಫ್ರಿಜ್ಜಿನಲ್ಲಿಟ್ಟು ಆಗಾಗ ಹೊರಗೆ ತೆಗೆದರೆ ಒಳಗೆ ಹನಿ ಕೂರುತ್ತದೆ. ಸ್ವಲ್ಪ ಸ್ವಲ್ಪ ಕೊಳ್ಳುವುದೇ ಜಾಣತನ.

ಮೋಸ ಹೋಗಿದ್ದೇನೆ ಅನಿಸಿದರೆ ಏನು ಮಾಡಲಿ?

ಬಿಲ್ಲು, ಡಬ್ಬಿ, ಉಳಿದ ಕೇಸರಿ ಮೂರನ್ನೂ ಹಾಗೇ ಇಟ್ಟುಕೊಳ್ಳಿ. ನೀರಿನ ಪರೀಕ್ಷೆಯ ಫೋಟೊ ತೆಗೆಯಿರಿ. ಮೊದಲು ಅಂಗಡಿಯವರನ್ನೇ ಕೇಳಿ, ಅವರೂ ಮೋಸ ಹೋಗಿರಬಹುದು. ಒಪ್ಪದಿದ್ದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 'ಫುಡ್ ಸೇಫ್ಟಿ ಕನೆಕ್ಟ್' ಮೂಲಕ ದೂರು ಕೊಡಬಹುದು. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಕೊಂಡವರೇ ಶುಲ್ಕ ಕಟ್ಟಿ ಮಾದರಿಯನ್ನು ಪರೀಕ್ಷೆ ಮಾಡಿಸಬಹುದು. ನಿಯಮ ಮೀರಿದ್ದು ಸಾಬೀತಾದರೆ ಆ ಶುಲ್ಕ ವಾಪಸ್ ಬರುತ್ತದೆ. ವ್ಯಾಪಾರಕ್ಕೆ ಹೆಚ್ಚು ಪ್ರಮಾಣದಲ್ಲಿ ಕೊಳ್ಳುವವರು ಮಾಲು ತೆಗೆದುಕೊಳ್ಳುವ ಮೊದಲೇ ಪರೀಕ್ಷೆ ಮಾಡಿಸಿ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಆಹಾರ ಪದಾರ್ಥಗಳ ಪರೀಕ್ಷೆಯ ಸೌಲಭ್ಯವಿದೆ. ಮಾದರಿ ಕಳಿಸುವಾಗ ಬಣ್ಣದ ಬಲದ ಅಂಕಿ ಮತ್ತು ಕೃತಕ ಬಣ್ಣ, ಎರಡನ್ನೂ ನೋಡಬೇಕು ಅಂತ ಬರೆದು ಕೊಡಿ.